ಅವ್ವನೊಂದಿಗೆ ಹುಬ್ಬಳ್ಳಿಯಿಂದ ವಿಜಯಪುರಕ್ಕೆ, ವೇಗದೂತ ಬಸ್ಸಿನಲ್ಲಿ

ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ನೇರ ಬಸ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಿಜಯಪುರ ಮುಟ್ಟಬಹುದು. ನಾವು ಮೂರು ದಿನ ತೆಗೆದುಕೊಂಡೆವು. ಅವ್ವನಿಗೆ ಬಾದಾಮಿಯ ಬನಶಂಕರಿಯ ದರ್ಶನವಾಗಬೇಕಿತ್ತು, ನನಗೆ ಪಟ್ಟದಕಲ್ಲು ನೋಡಬೇಕಿತ್ತು. ಕೈಯಲ್ಲಿದ್ದದ್ದು ಮೂರು ಸಾವಿರ ರೂಪಾಯಿ. ಬಾಡಿಗೆ ಕಾರಿನ ಮಾತೇ ಇರಲಿಲ್ಲ.

ಮೊದಲು ಟಿಕೆಟ್ಟಿನ ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರು ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ಹಣ ಕೊಡಬೇಕಿಲ್ಲ. ರಾಜಹಂಸ, ಸ್ಲೀಪರ್ ಬಸ್‌ಗಳಿಗೆ ಇದು ಅನ್ವಯಿಸುವುದಿಲ್ಲ. ಹತ್ತುವ ಮೊದಲು ಬೋರ್ಡು ಓದಿಕೊಳ್ಳಿ. ಹಣವಿಲ್ಲದಿದ್ದರೂ ಶೂನ್ಯ ಟಿಕೆಟ್ ಪಡೆಯಲೇಬೇಕು, ಇಳಿಯುವವರೆಗೂ ಅದು ಕೈಯಲ್ಲಿರಲಿ. ಅವ್ವ ತನ್ನ ಆಧಾರ್ ಕಾರ್ಡನ್ನು ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದಳು. ನಿರ್ವಾಹಕರು ಬಂದಾಗಲೆಲ್ಲ ಮೊದಲು ಸುಣ್ಣದ ಡಬ್ಬಿ, ಆಮೇಲೆ ಅಡಕೊತ್ತು, ಕೊನೆಗೆ ಕಾರ್ಡು ಹೊರಬರುತ್ತಿತ್ತು. ಒಬ್ಬರೂ ಗದರಲಿಲ್ಲ, ಕಾದು ನಿಂತರು. ತಂದೆಯವರನ್ನು ಕರೆದೊಯ್ಯುವವರು ಅವರ ವಯಸ್ಸಿನ ದಾಖಲೆಯನ್ನೂ ಇಟ್ಟುಕೊಳ್ಳಿ. 60 ದಾಟಿದ ಹಿರಿಯ ನಾಗರಿಕರಿಗೆ ಶೇ 25ರಷ್ಟು ರಿಯಾಯಿತಿ ಇದೆ.

ಬಾದಾಮಿಗೆ ನೇರ ಬಸ್ ಸಿಗಲಿಲ್ಲವೆಂದು ಹುಬ್ಬಳ್ಳಿ ನಿಲ್ದಾಣದಲ್ಲೇ ಕಾಯುತ್ತ ಕೂರಬೇಡಿ. ವಿಜಯಪುರದ ಕಡೆಗೆ ಹೋಗುವ ಬಸ್ ಹಿಡಿದು, ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸ್‌ನಲ್ಲಿ ಇಳಿಯಿರಿ. ಅಲ್ಲಿಂದ ಬಾದಾಮಿ ದೂರವಿಲ್ಲ. ನಾವು ಹೋದದ್ದು ಹಾಗೆಯೇ. ಎರಡೂ ಬದಿಗೆ ಎರೆಹೊಲ, ಕಣ್ಣು ಹಾಯಿಸಿದಷ್ಟೂ ಕಡಲೆ. ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ.

ಬಾದಾಮಿಯ ಬಸ್ ನಿಲ್ದಾಣದ ಸುತ್ತಮುತ್ತಲೇ ಸಾಧಾರಣ ವಸತಿಗೃಹಗಳಿವೆ. ಬಾಡಿಗೆ ಕೊಡುವ ಮೊದಲು ನಲ್ಲಿ ತಿರುಗಿಸಿ ನೋಡಿ. ಗುಹೆಗಳಿಗೆ ನಡೆದೇ ಹೋಗಬಹುದು; ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಅದನ್ನು ನೋಡದೆ ಬರಬೇಡಿ.

ಮರುದಿನ ಬೆಳಿಗ್ಗೆ ಬನಶಂಕರಿ. ದರ್ಶನ ಮುಗಿಸಿ ಹೊರಬಂದರೆ ಬುಟ್ಟಿ ಇಟ್ಟುಕೊಂಡು ಕುಳಿತ ಹೆಣ್ಣುಮಕ್ಕಳು ಕರೆಯುತ್ತಾರೆ. ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ಹೋಟೆಲಿನ ಖರ್ಚು ಉಳಿಯಿತೆಂದು ನಾನು ಲೆಕ್ಕ ಹಾಕುತ್ತಿದ್ದರೆ ಅವ್ವ ರೊಟ್ಟಿಯ ಅಂಚು ಮುರಿದು ನೋಡಿ, ‘ಹಿಟ್ಟು ಚೆನ್ನಾಗಿ ನಾದಿದ್ದಾರೆ’ ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ಬನದ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಮಾತ್ರ, ಜಾತ್ರೆಗೆಂದೇ ಹೊರಟವರಲ್ಲದಿದ್ದರೆ, ಈ ದಾರಿ ಬೇಡ. ಬಸ್ಸಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ನಾವು ಎಡವಿದ್ದು ಪಟ್ಟದಕಲ್ಲಿನಲ್ಲಿ. ಬಾದಾಮಿಯಿಂದ 22 ಕಿಲೋಮೀಟರ್ ಅಷ್ಟೇ, ಹೋಗುವಾಗ ಬಸ್ ಕೂಡಲೇ ಸಿಕ್ಕಿತು. ವಿರೂಪಾಕ್ಷ ದೇವಾಲಯದ ಕಂಬಗಳ ಮುಂದೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಹೊರಬಂದಾಗ ಬಸ್ ಹೋಗಿಯಾಗಿತ್ತು, ಮುಂದಿನದು ಯಾವಾಗ ಎಂದು ಹೇಳುವವರಿರಲಿಲ್ಲ. ಬಿಸಿಲಿನಲ್ಲಿ ಒಂದೂವರೆ ಗಂಟೆ ಅವ್ವ ಸೆರಗು ಹೊದ್ದು ಬೇವಿನ ಮರದಡಿ ಕುಳಿತಳು. ಕೊನೆಗೆ ಒಂದು ಟಂಟಂ, ಅಂದರೆ ಜನ ತುಂಬಿಸಿಕೊಂಡು ಓಡುವ ಆಟೊ, ಸಿಕ್ಕಿತು. ಆ ದಿನದಿಂದ ನನಗೊಂದು ರೂಢಿಯಾಗಿದೆ: ಊರಿನಲ್ಲಿ ಇಳಿದ ಕೂಡಲೇ ಅದೇ ನಿರ್ವಾಹಕರನ್ನು ‘ತಿರುಗಿ ಹೋಗುವ ಬಸ್ ಎಷ್ಟೊತ್ತಿಗೆ, ಕಡೆಯದು ಎಷ್ಟೊತ್ತಿಗೆ’ ಎಂದು ಕೇಳಿ ಟಿಕೆಟ್ಟಿನ ಹಿಂದೆ ಬರೆದುಕೊಳ್ಳುತ್ತೇನೆ. ದೊಡ್ಡ ನಿಲ್ದಾಣಗಳಲ್ಲಾದರೆ ಕಂಟ್ರೋಲರ್ ಕೋಣೆಯಲ್ಲಿ ಕೇಳಿ. ಮೊಬೈಲ್ ತೋರಿಸುವ ಸಮಯ ನಂಬಿ ಕೂರಬೇಡಿ. ವಯಸ್ಸಾದವರು ಜೊತೆಗಿದ್ದರೆ ಇದೊಂದನ್ನು ಮರೆಯಲೇಬಾರದು.

ಬಾಗಲಕೋಟೆಯಲ್ಲಿ ಹಳೆಯ ಊರಿನದೊಂದು, ನವನಗರದ್ದೊಂದು ಎಂದು ಎರಡು ನಿಲ್ದಾಣಗಳಿವೆ. ವಿಜಯಪುರದ ಬಸ್ಸಿಗೆ ಎಲ್ಲಿ ಇಳಿಯಬೇಕೆಂದು ಮೊದಲೇ ವಿಚಾರಿಸಿ. ತಡವಾದ್ದರಿಂದ ನಾವು ಕೃಷ್ಣೆಯ ಸೇತುವೆ ದಾಟುವಾಗ ಕತ್ತಲಾಗಿತ್ತು, ಆಲಮಟ್ಟಿಯ ಹಿನ್ನೀರು ಕಾಣಲೇ ಇಲ್ಲ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಿ. ಶಾಲೆಯ ಮಕ್ಕಳು ಬಂದ ಮೇಲೆ ಪಿಸುಮಾತು ಕೇಳಿಸುವುದಿಲ್ಲ. ಮೆಟ್ಟಿಲು ಕಡಿದಾಗಿವೆ. ಮಂಡಿನೋವಿರುವ ಅವ್ವ ಕೆಳಗೇ ಕುಳಿತಳು, ನಾನು ಹತ್ತಿ ಬಂದೆ.

ಮರಳುವಾಗ ನೇರ ಬಸ್, ಹಗಲು ಪ್ರಯಾಣ. ಕೊಲ್ಹಾರದಲ್ಲಿ ಮಣ್ಣಿನ ಕುಡಿಕೆಯ ಮೊಸರು ಕೊಂಡೆವು. ಅವ್ವ ಅದಕ್ಕೆ ಕರವಸ್ತ್ರ ಬಿಗಿದು ಮಡಿಲಲ್ಲಿಟ್ಟುಕೊಂಡಳು. ಮುಂದೆ ಸೇತುವೆ ಬಂತು. ಈ ಸಲ ಎರಡೂ ಬದಿಗೆ ನೀರು. ಅವ್ವ ಸಂಚಿಯಿಂದ ಒಂದು ರೂಪಾಯಿ ತೆಗೆದು ಕಿಟಕಿಯಾಚೆ ಎಸೆದು ಕೈಮುಗಿದಳು.