ಟ್ಯಾಬ್‌ನಲ್ಲಿ ‘ಡಿಸ್ಟರ್ಬೆನ್ಸ್’ ಅಂತ ಒತ್ತಿದ ಮಧ್ಯಾಹ್ನ

ಬಳ್ಳಾರಿ ಕಡೆ ಒಂದು ಬೂದಿದಿಬ್ಬದ, ಅಂದ್ರೆ ಹೊಸ ಶಿಲಾಯುಗದ ಜನ ಬಿಟ್ಟುಹೋದ ಬೂದಿ ಗುಡ್ಡೆಯ, ಡಿಗ್‌ನಲ್ಲಿ ಟ್ರೆಂಚ್ ಸೂಪರ್‌ವೈಸರ್ ಆಗಿದ್ದಾಗ ನಡೆದಿದ್ದು. ನಾಲ್ಕು ವರ್ಷ ಆಯ್ತು, ನೆನಪಾದ್ರೆ ಈಗ್ಲೂ ಹೊಟ್ಟೆ ಕಿವುಚಿದ ಹಾಗಾಗತ್ತೆ.

ಸೀಸನ್ ಮುಗಿಯೋಕೆ ಎರಡೇ ದಿನ ಇತ್ತು. ನಾಳೆ ಬೆಳಿಗ್ಗೆ ದೊಡ್ಡೋರು ವಿಸಿಟ್‌ಗೆ ಬರ್ತಾರೆ, ಅಷ್ಟರಲ್ಲಿ ಪೂರ್ವದ ಸೆಕ್ಷನ್ (ಟ್ರೆಂಚಿನ ಕಡಿದ ಗೋಡೆ) ಫೋಟೋಗೆ ರೆಡಿ ಇರ್ಬೇಕು ಅಂತ ವಾಟ್ಸಾಪಲ್ಲಿ ಮೆಸೇಜ್ ಮೇಲೆ ಮೆಸೇಜ್. ಮೇಲಿನ ಗಟ್ಟಿ ಪದರ, ಅದೇ ಕರಗಿ ಗಾಜಿನ ಥರ ಗುಳ್ಳೆಗುಳ್ಳೆ ಆಗಿರೋ ಬೂದಿ, ಅದನ್ನ ತೆಗೆದ ಮೇಲೆ ಕೆಳಗೆ ಒಂದು ಬಿಗಿ ನೆಲ ಸಿಕ್ತು. ನೆಲದ ತುಂಬ ಅಂಗೈ ಅಗಲದ ತಗ್ಗುಗಳು, ಒಳಗೆ ಮೆತ್ತನೆ ಬಿಳಿ ಬೂದಿ, ಟ್ರೋವೆಲ್ ತುದಿ ಮುಟ್ಟಿಸಿದ್ರೆ ಹಿಟ್ಟಿನ ಹಾಗೆ ಉದುರೋದು. ಹಿಂದಿನ ವಾರ ಅದೇ ಮೂಲೇಲಿ ಇಲಿ ಬಿಲ ಸಿಕ್ಕಿತ್ತಲ್ಲ, ಇದೂ ಅದೇ ಅಂದ್ಕೊಂಡೆ. ಟ್ಯಾಬ್ ತೆಗೆದ್ರೆ ಡ್ರಾಪ್‌ಡೌನ್‌ನಲ್ಲಿ ಇರೋದು ಪಿಟ್, ಪೋಸ್ಟ್‌ಹೋಲ್, ಒಲೆ, ಗೋಡೆ, ಡಿಸ್ಟರ್ಬೆನ್ಸ್. ಇಷ್ಟರಲ್ಲಿ ಒಂದನ್ನ ಒತ್ತದೆ ಆ ದರಿದ್ರ ಆ್ಯಪ್ ಮುಂದಿನ ಪದರ ಅಥವಾ ಗುಂಡಿಗೆ, ಅಂದ್ರೆ ಮುಂದಿನ ಲೋಕಸ್‌ಗೆ ಹೋಗಲ್ಲ. ಡಿಸ್ಟರ್ಬೆನ್ಸ್, ಅಂದ್ರೆ ಆಮೇಲೆ ಕೆದಕಿ ಕೆಟ್ಟ ಜಾಗ, ಅಂತ ಒತ್ತಿದೆ.

"ಇದನ್ನೂ ಕೆರ್ದು ಬಿಡ್ಲೇನ್ರಿ ಸರ್?" ಅಂತ ಅಗೀತಿದ್ದ ಕೆಲಸದ ಅಣ್ಣ ಕೇಳಿದ್ರು. "ಹೂಂ ಅಣ್ಣ, 5 ಸೆಂಟಿಮೀಟರ್ ತೆಗೆದು ಲೆವೆಲ್ ಮಾಡ್ಬಿಡಿ" ಅಂದು ಫ್ಲೋಟೇಶನ್ ಕಡೆ, ಅಂದ್ರೆ ಮಣ್ಣನ್ನ ನೀರಲ್ಲಿ ಕದಡಿ ಸುಟ್ಟ ಕಾಳು ತೇಲಿಸಿ ತೆಗೆಯೋ ಜಾಗಕ್ಕೆ, ಹೋದೆ.

ಅಲ್ಲಿ ಡ್ರಮ್ಮಿಂದ ಚೆಲ್ಲಿದ ನೀರಿಗೆ ಸುತ್ತ ಕೆಸರಾಗಿತ್ತು. ಬೆಳಿಗ್ಗೆ ಊರಿನ ದನ ಬಂದು ನೀರು ಕುಡಿದು ಹೋಗಿದ್ವು. ಹೆವಿ ಫ್ರ್ಯಾಕ್ಷನ್, ಅದೇ ತಳಕ್ಕೆ ಕೂತ ಭಾರದ ಚೂರುಗಳು, ಒಣಗಾಕಿದ್ದ ಬಟ್ಟೆ ಸರಿ ಮಾಡೋಣ ಅಂತ ಬಗ್ಗಿದೋನು ಹಾಗೇ ನಿಂತ್ಬಿಟ್ಟೆ. ಕಾಲ ಕೆಳಗೆ ಕೆಸರಲ್ಲಿ ಅಂಗೈ ಅಗಲದ ತಗ್ಗುಗಳು, ಎರಡೆರಡು ಸೀಳು, ನಡುವೆ ಸಣ್ಣ ಏಣು, ಹಿಂದಿನ ಅಂಚು ದುಂಡಗೆ, ಮುಂದೆ ಚೂಪು. ಗೊರಸು.

ಓಡಿದೆ. ಮುನ್ನೂರು ಹೆಜ್ಜೆ ಇರಬಹುದು ಅಷ್ಟೇ, ಆದ್ರೆ ಟ್ರೆಂಚಿಂದ ಕೆರೆಯೋ ಸದ್ದು ಒಂದೇ ಸಮನೆ ಬರ್ತಾ ಇತ್ತು, ನಿಲ್ಸಿ ನಿಲ್ಸಿ ಅಂತ ಕೂಗಿದ್ದು ಗಾಳಿಗೆ ಅವರಿಗೆ ಕೇಳಿಸ್ಲೇ ಇಲ್ಲ. ಟ್ರೆಂಚ್ ಪಕ್ಕ ಅಗೆಯದೆ ಬಿಟ್ಟ ಬಾಲ್ಕ್ ಮೇಲೆ ನಿಂತು ನೋಡಿದಾಗ ಮುಕ್ಕಾಲು ಪಾಲು ನೆಲ ನುಣ್ಣಗೆ ಆಗಿತ್ತು, ನಾನು ಹೇಳಿದ ಹಾಗೇ, ಬಹಳ ಚೆನ್ನಾಗಿ ಕೆರೆದಿದ್ರು. ಮೂಲೇಲಿ ಎರಡು ಗೋಣಿಚೀಲ ಹಾಸೋವಷ್ಟು ಜಾಗ ಮಾತ್ರ ಉಳಿದಿತ್ತು.

ನಂಗೆ ಗೊತ್ತಿಲ್ಲದ ವಿಷಯ ಆಗಿದ್ರೆ ಇಷ್ಟು ಉರೀತಿರಲಿಲ್ಲ. ಈ ದಿಬ್ಬಗಳು ಸಗಣಿ ಸುಟ್ಟ ಬೂದಿ ಅಂತ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದ. ಈಗ ತೆಲಂಗಾಣಕ್ಕೆ ಸೇರಿರೋ ಉತ್ನೂರಲ್ಲಿ 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಅಗೆದಾಗ ದೊಡ್ಡಿಯ ಬೇಲಿ ಗೂಟದ ಗುಂಡಿಗಳ ಜೊತೆ ದನದ ಗೊರಸಿನ ಗುರುತೂ ಸಿಕ್ಕಿತ್ತು. ಎಂಎ ಪರೀಕ್ಷೇಲಿ ಇದನ್ನೇ ಬರೆದಿದ್ದೆ! ಕಣ್ಮುಂದೆ ಬಂದಾಗ ಇಲಿ ಬಿಲ ಅಂದೆ.

ಸಂಜೆ ಇಳಿಬಿಸಿಲು ಓರೆಯಾಗಿ ಬಿದ್ದ ಮೇಲೆ ಬ್ರಷ್, ಬಿದಿರು ಕಡ್ಡಿ ಹಿಡ್ಕೊಂಡು ಕೂತ್ವಿ. ಹನ್ನೊಂದು ಉಳಿದಿದ್ವು. ಒಂದೊಂದರೊಳಗಿನ ಬೂದಿ ಊದಿ ತೆಗೀತಾ ತೆಗೀತಾ ನಂಗೆ ಏನೇನೋ ಯೋಚ್ನೆ. ಅವತ್ತು ಮಳೆ ಬಂದಿತ್ತಾ, ಸಗಣಿ ತೊಪ್ಪೆ ತೊಪ್ಪೆ ಆಗಿತ್ತಾ? ಬೆಂಕಿ ಹಾಕೋ ಮುಂಚೆ ದನ ಹೊರಗೆ ಅಟ್ಟಿದ್ದು ಯಾರು, ಮಕ್ಕಳಾ? ಅಷ್ಟೊಂದು ಸಗಣಿ ಯಾಕೆ ಸುಟ್ರು, ಹಬ್ಬಕ್ಕಾ, ರೋಗ ಬಂತಾ? ಊರೋರು ಕುಡತಿನಿ ದಿಬ್ಬನ ಹಿಡಿಂಬಾಸುರನ ಬೂದಿ ಅಂತಾರೆ, ನಿಂಬಾಪುರದ್ದನ್ನ ವಾಲಿ ಸುಟ್ಟ ಜಾಗ ಅಂತಾರೆ. ಅಷ್ಟು ದೊಡ್ಡ ಬೆಂಕಿಗೆ ಅಷ್ಟೇ ದೊಡ್ಡ ಕಥೆ ಬೇಕು ಅನ್ನಿಸಿರತ್ತೆ, ನಂಗೇನೂ ತಪ್ಪು ಕಾಣಲ್ಲ.

ಇನ್ನೊಂದು ಬಹಳ ಕಾಡತ್ತೆ. ಈ ಜನ ಹುರುಳಿ, ಹೆಸರು, ಕೊರಲೆ ಬೆಳ್ಕೊಂಡು ದನ ಕಾಯ್ತಿದ್ದೋರು. ಬಳ್ಳಾರಿ ಪಕ್ಕದ ಸಂಗನಕಲ್ಲಲ್ಲಿ ನೋಡಿದ್ರೆ ಕಾಲ ಕಳೆದ ಹಾಗೆ ಬೂದಿ ಪದರ ನಿಂತು ಅದರ ಮೇಲೆ ಊರು ಕೂರತ್ತೆ, ಗೋಧಿ, ಜವೆ ಕಾಣಿಸ್ಕೊಳ್ಳತ್ತೆ, ಅಲ್ಲಿನ ಹಿರೇಗುಡ್ಡದಲ್ಲಿ ಕಲ್ಲುಕೊಡಲಿ ಮಾಡೋದೇ ದೊಡ್ಡ ಕಸುಬಾಗತ್ತೆ. ಸಗಣಿ ಸುಡೋದು ಯಾಕೆ ಬಿಟ್ರು? ಹೊಲಕ್ಕೆ ಗೊಬ್ಬರ ಅಂತ ಹಾಕೋಕೆ ಶುರು ಮಾಡಿದ್ರಾ? ನನ್ನ ಅನುಮಾನ ಅದೇ, ಆದ್ರೆ ಅನುಮಾನ ಅಷ್ಟೇ. ಉತ್ತರ ಇದ್ರೆ ಇಂಥ ನೆಲದಲ್ಲೇ ಇರತ್ತೆ, ಅದನ್ನೇ ನಾನು ಫೋಟೋ ಚೆನ್ನಾಗಿ ಬರ್ಲಿ ಅಂತ ಕೆರೆಸಿದ್ದು.

ರಾತ್ರಿ ಎಂಟ್ರಿ ತಿದ್ದೋಕೆ ಹೋದ್ರೆ ಆ್ಯಪ್ ಲಾಕ್. ಸಿಂಕ್ ಆದ ಲೋಕಸ್ ಬದಲಾಯ್ಸೋಕೆ ಆಫೀಸಿಂದ ಪರ್ಮಿಷನ್ ಬೇಕಂತೆ. ಮೇಲ್ ಹಾಕಿದೆ, ಮತ್ತೆ ಹಾಕಿದೆ. ಡೇಟಾಬೇಸಲ್ಲಿ ಅದು ಇವತ್ತಿಗೂ ಡಿಸ್ಟರ್ಬೆನ್ಸೇ. ಕೈಬರಹದ ಡೈರೀಲಿ ಮಾತ್ರ ನಿಜ ಬರೆದಿದೀನಿ, ಎಷ್ಟು ಜಾಗ ಕೆರೆಸಿದೆ, ಯಾರು ಹೇಳಿದ್ದು ಅಂತ ಹೆಸರು ಸಮೇತ. ಅವತ್ತಿಂದ ಯಾವ ಟ್ರೆಂಚಲ್ಲಾದ್ರೂ ತಗ್ಗು ಸಿಕ್ರೆ ಸಂಜೆ ಓರೆ ಬಿಸಿಲು ಬೀಳೋವರೆಗೂ ಕೈ ಹಾಕ್ಸಲ್ಲ, ಯಾರು ವಿಸಿಟ್‌ಗೆ ಬಂದ್ರೂ ಸರಿ.

ಆ ಹನ್ನೊಂದರಲ್ಲಿ ಮೂರು ಬಹಳ ಸಣ್ಣವು, ನನ್ನ ಎರಡು ಬೆರಳಿನಷ್ಟೇ ಅಗಲ. ದೊಡ್ಡ ಗೊರಸುಗಳ ಪಕ್ಕಪಕ್ಕದಲ್ಲೇ ಹೋಗಿವೆ, ಒಂದು ಕಡೆ ದೊಡ್ಡದರ ಮೇಲೇ ಕಾಲಿಟ್ಟಿದೆ. ಕರು.