ಮೊದಲು ಮಾತು, ಆಮೇಲೆ ಮನುಷ್ಯ

ಕಾಮಿಕ್ಸ್‌ನ ಒಂದು ಪುಟಕ್ಕೆ ಮೂರು ದಿನ ಹಿಡಿಯುತ್ತಿದ್ದರೆ ಕೈ ನಿಧಾನ ಎಂದುಕೊಳ್ಳಬೇಡಿ. ಹೊತ್ತು ತಿನ್ನುವುದು ರಬ್ಬರು. ತಲೆ, ಕೈ, ಹಿಂದಿನ ಬಳ್ಳಾರಿ ಗುಡ್ಡ ಎಲ್ಲ ಮುಗಿಸಿ ಕೊನೆಗೆ ಮಾತು ಬರೆಯಲು ಹೋದರೆ ಜಾಗವೇ ಇರುವುದಿಲ್ಲ. ಆಗ ಗುಡ್ಡ ಅಳಿಸುವ ಕೆಲಸ.

ಎ4 ಹಾಳೆಯೊಂದನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿ. ಎಂಟು ಮನೆ ಬೀಳುತ್ತವೆ, ಒಂದೊಂದರ ಉದ್ದವೂ ಅಗಲವೂ ಪುಟ ಬಿಡಿಸುವ ಎ3 ಹಾಳೆಯ ಕಾಲು ಭಾಗ. ಎಂಟು ಪುಟದ ಕರಡು ಅಲ್ಲೇ ಮುಗಿಯಲಿ. ಮುಖ ಬೇಡ, ಕಡ್ಡಿ ಆಳು ಸಾಕು. ಮೊದಲು ಮಾತಾಡುವವರನ್ನು ಎಡಕ್ಕೆ ನಿಲ್ಲಿಸಿ. ಇಲ್ಲವಾದರೆ ಮಾತು ಬರೆಯುವ ಬಲೂನುಗಳ ಬಾಲ ಒಂದಕ್ಕೊಂದು ಅಡ್ಡ ಹಾಯುತ್ತವೆ.

ಎ3ರಲ್ಲಿ ಸುತ್ತ 15 ಮಿ.ಮೀ. ಅಂಚು ಬಿಟ್ಟರೆ ಚಿತ್ರಕ್ಕೆ 390 ಮಿ.ಮೀ. ಎತ್ತರ ಉಳಿಯುತ್ತದೆ. ಅಷ್ಟುದ್ದದ ರಟ್ಟಿನ ಪಟ್ಟಿಗೆ 126, 132, 258, 264ರಲ್ಲಿ ಕಚ್ಚು ಹಾಕಿಟ್ಟುಕೊಳ್ಳಿ. ಮೂರು ಸಾಲು, ನಡುವೆ 6 ಮಿ.ಮೀ. ಸಂದು. ಪ್ರತಿ ಪುಟಕ್ಕೂ ಸ್ಕೇಲ್ ಹಿಡಿದು ಲೆಕ್ಕ ಹಾಕುವ ಗೋಜಿಲ್ಲ.

ಇನ್ನು ಅಕ್ಷರ. ಇಂಗ್ಲಿಷ್ ಕಾಮಿಕ್ಸ್ ನೋಡಿ ಸಾಲುಗಳನ್ನು ಒತ್ತಾಗಿ ಬರೆದರೆ ಕನ್ನಡ ಕೆಡುತ್ತದೆ. ‘ಗುಡ್ಡದ ಮ್ಯಾಲ ಯಾರೋ ಅದಾರ’ ಎಂಬಷ್ಟರಲ್ಲೇ ಎರಡು ಒತ್ತು ಕೆಳಗಿಳಿದಿವೆ, ಅವು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಅಕ್ಷರ 4 ಮಿ.ಮೀ. ಇದ್ದರೆ ಸಾಲಿಂದ ಸಾಲಿಗೆ 9 ಇರಲಿ. ಅಚ್ಚಿಗೆ ಪುಟವನ್ನು ಎ4ಕ್ಕೆ ಇಳಿಸಿದಾಗ ಅಕ್ಷರ 2.8ಕ್ಕೆ ಬರುತ್ತದೆ, ಓದಲು ತೊಂದರೆಯಿಲ್ಲ. ಮಾತು ಪೆನ್ಸಿಲ್‌ನಲ್ಲಿ ಕೂತ ಮೇಲೆಯೇ ಆಳುಗಳು.

ಹಿನ್ನೆಲೆಗೆ ಬರೀ ಹೊರಗೆರೆ ಸಾಕು. ರಾಯಚೂರು ಕೋಟೆ ಗೋಡೆಯ ಉದ್ದನೆ ಕಲ್ಲನ್ನು ಬಂಡಿಯಲ್ಲಿ ಎಳೆದು ತಂದ ದೃಶ್ಯವನ್ನು ಅಲ್ಲೇ ಗೆರೆಯಲ್ಲಿ ಕೆತ್ತಿದ್ದಾರಲ್ಲ, ನೆರಳಿಲ್ಲದೆಯೂ ಎಳೆಯುವ ಭಾರ ಕಾಣುತ್ತದೆ.

ಇಂಕನ್ನು ಒಂದೊಂದೇ ಪುಟಕ್ಕೆ ಹಾಕಬೇಡಿ. ನಾಲ್ಕು ಪುಟದ ಚೌಕಟ್ಟು ಒಮ್ಮೆಗೆ, ಒಬ್ಬನೇ ಪಾತ್ರದ ಮುಖಗಳೆಲ್ಲ ಒಂದೇ ಸಲಕ್ಕೆ, ಕಪ್ಪು ತುಂಬುವುದು ಕೊನೆಗೆ. ನಿಬ್ ತೊಳೆಯುವ ಹೊತ್ತು ಉಳಿಯುತ್ತದೆ, ಮೂಗೂ ಪುಟದಿಂದ ಪುಟಕ್ಕೆ ಬದಲಾಗುವುದಿಲ್ಲ.

ನಮ್ಮ ಏಪ್ರಿಲ್, ಮೇ ಬಿಸಿಲಲ್ಲಿ ಫ್ಯಾನಿನ ಗಾಳಿಗೆ ಇಂಕು ನಿಬ್ಬಿನಲ್ಲೇ ಒಣಗಿ ಗೆರೆ ಕಡಿಯುತ್ತದೆ. ಇಡೀ ಸೀಸೆ ತೆರೆದಿಡದೆ ಮುಚ್ಚಳದಲ್ಲಿ ಸ್ವಲ್ಪ ಸುರಿದುಕೊಳ್ಳಿ, ಗಟ್ಟಿಯಾದರೆ ಡಿಸ್ಟಿಲ್ಡ್ ವಾಟರ್ ಒಂದೆರಡು ಹನಿ. ಅಂಗೈ ಕೆಳಗೆ ಬೇರೆ ಕಾಗದ ಇರಲೇಬೇಕು: ಬೆವರು ತಾಗಿದ ಕಡೆ ಇಂಕು ಹರಡುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೇನು ಬರ, ಆದರೆ ನಿಬ್ ಒರೆಸಲು ಅದು ಬೇಡ. ಎಳೆ ಬಿಟ್ಟು ನಿಬ್ಬಿನ ಸೀಳಿಗೆ ಸಿಕ್ಕಿಕೊಳ್ಳುತ್ತದೆ. ಹಳೇ ಪಂಚೆಯೇ ಲೇಸು.

ಸ್ಕ್ಯಾನರ್ ಎ4ರದ್ದಾದರೆ ಪುಟವನ್ನು ಅಡ್ಡ ಇಟ್ಟು ಎರಡು ಸಲ, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಮೇಲೂ ಕೆಳಗೂ ಖಾಲಿ ಅಂಚಿನಲ್ಲಿ 10 ಮಿ.ಮೀ. ಹೊರಗೆ ಬಿಟ್ಟರೆ ನಡುವಿನ 20 ಮಿ.ಮೀ. ಎರಡರಲ್ಲೂ ಬರುತ್ತದೆ, ಜೋಡಿಸುವಾಗ ಗೆರೆ ತಪ್ಪುವುದಿಲ್ಲ. ಹಾಳೆಯ ಮೇಲೆ ದಪ್ಪ ಪುಸ್ತಕ ಹೇರಿ. ಹಾಳೆ ಎದ್ದ ಕಡೆ ಮಸುಕಾಗುತ್ತದೆ.