ಲೂಪಿನ ಒಳಗಿದ್ದ ಒಂದು ಸಾಲು

ಹಣ ಎರಡು ಬಾರಿ ಕಡಿತವಾಗಿದೆ ಎಂಬ ಮೊದಲ ದೂರು ಬಂದಾಗ ನಾನು ನಂಬಲಿಲ್ಲ. ಪಾವತಿಯ ಹೊಸ ಭಾಗವನ್ನು ಬಿಡುಗಡೆ ಮಾಡಿ ಮೂರು ದಿನವಾಗಿತ್ತಷ್ಟೆ. ಕೋಡ್ ಸರಿಯಾಗಿ ನಡೆಯುತ್ತದೆಯೇ ಎಂದು ನೋಡುವ ಟೆಸ್ಟ್‌ಗಳೆಲ್ಲ ಪಾಸಾಗಿದ್ದವು. ಕೋಡ್ ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವನು ನಾನೇ. ಸಂಜೆಯ ಹೊತ್ತಿಗೆ ಅಂಥದೇ ಇನ್ನೂ ನಾಲ್ಕು ದೂರುಗಳು ಬಂದವು. ಆಗ ಕೋಡ್ ತೆರೆದು ಕುಳಿತೆ.

ಅದನ್ನು ಬರೆದದ್ದು ಎಐ ಸಹಾಯಕ. ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಅದಕ್ಕೆ ಒಪ್ಪಿಸಿದ್ದ ಕೆಲಸ ದೊಡ್ಡದೇನಲ್ಲ. ಪಾವತಿಯ ಸರ್ವರ್ ಉತ್ತರಿಸದಿದ್ದರೆ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಬೇಕು, ಮೂರು ಸಲವೂ ಆಗದಿದ್ದರೆ ಗ್ರಾಹಕರಿಗೆ ತಿಳಿಸಬೇಕು. ನಿಮಿಷದೊಳಗೆ ಕೋಡ್ ಬಂತು. ಓದಲು ಅಚ್ಚುಕಟ್ಟಾಗಿತ್ತು. ಒಂದೊಂದು ಪ್ರಯತ್ನಕ್ಕೂ ಕಾಯುವ ಸಮಯ ದುಪ್ಪಟ್ಟಾಗುವಂತೆ ಮಾಡಿತ್ತು. ಒಂದೇ ಪಾವತಿ ಎರಡು ಸಲ ಆಗದಂತೆ ತಡೆಯುವ ಐಡೆಂಪೊಟೆನ್ಸಿ ಕೀಯನ್ನೂ ನಾವು ಕೇಳದೆಯೇ ಸೇರಿಸಿತ್ತು.

ಈ ಕೀ ಏಕೆ ಬೇಕು ಎಂಬುದನ್ನು ಹೇಳಿಬಿಡುತ್ತೇನೆ, ಇಡೀ ಕಥೆ ಅದರ ಮೇಲೆಯೇ ನಿಂತಿದೆ. ಪಾವತಿಯ ಕೋರಿಕೆಗೆ ಉತ್ತರ ಬರಲಿಲ್ಲ ಎಂದರೆ ಹಣ ಹೋಗಿಲ್ಲ ಎಂದಲ್ಲ. ಹಣ ಕಡಿತವಾಗಿ, ಆಯಿತು ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿರಬಹುದು. ಆದ್ದರಿಂದ ಪ್ರತಿ ಪಾವತಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತನ್ನು ಕೊಡುತ್ತೇವೆ. ಅದೇ ಗುರುತಿನ ಕೋರಿಕೆ ಮತ್ತೆ ಬಂದರೆ ಸರ್ವರ್ ಹೊಸದಾಗಿ ಹಣ ಕಡಿತ ಮಾಡದೆ ಹಿಂದಿನ ಉತ್ತರವನ್ನೇ ಕೊಡುತ್ತದೆ. ಎಐ ಆ ಗುರುತನ್ನು ಸೃಷ್ಟಿಸುವ ಸಾಲನ್ನು ಲೂಪಿನ ಒಳಗೆ, ಅಂದರೆ ಪ್ರತಿ ಪ್ರಯತ್ನಕ್ಕೂ ಮತ್ತೆ ಓಡುವ ಕೋಡಿನ ಭಾಗದೊಳಗೆ, ಇಟ್ಟಿತ್ತು. ಮೂರು ಪ್ರಯತ್ನಕ್ಕೆ ಮೂರು ಗುರುತು; ಸರ್ವರಿನ ಲೆಕ್ಕದಲ್ಲಿ ಅವು ಮೂರು ಬೇರೆ ಬೇರೆ ಪಾವತಿಗಳು. ಆ ಸಾಲು ಲೂಪಿನ ಹೊರಗಿದ್ದಿದ್ದರೆ ಯಾರ ಹಣವೂ ಎರಡು ಸಲ ಹೋಗುತ್ತಿರಲಿಲ್ಲ.

ಹಾಗಾದರೆ ಟೆಸ್ಟ್ ಏಕೆ ಹಿಡಿಯಲಿಲ್ಲ? ಟೆಸ್ಟ್ ಬರೆದದ್ದೂ ಅದೇ ಎಐ, ಅದೇ ಕೋಡನ್ನು ನೋಡಿಕೊಂಡು. ಅದು ಕಟ್ಟಿದ ನಕಲಿ ಸರ್ವರ್ ಮೊದಲ ಎರಡು ಸಲ ಏನನ್ನೂ ಮಾಡದೆ ಸೋಲುತ್ತಿತ್ತು, ಮೂರನೆಯ ಸಲ ಗೆಲ್ಲುತ್ತಿತ್ತು. ಮೂರು ಕರೆ ಹೋದವೇ, ಕೊನೆಗೆ ಯಶಸ್ಸು ಬಂತೇ ಎಂದು ಟೆಸ್ಟ್ ಕೇಳುತ್ತಿತ್ತು. ಎರಡಕ್ಕೂ ಹೌದು ಎಂಬುದೇ ಉತ್ತರ. ಹಣ ಕಡಿತವಾದ ಮೇಲೆ ಉತ್ತರ ಕಳೆದುಹೋದರೆ ಏನಾಗುತ್ತದೆ ಎಂದು ಅದು ಕೇಳಲೇ ಇಲ್ಲ. ಕೋಡ್ ಬರೆಯುವಾಗ ಯಾವುದು ಕಣ್ಣಿಗೆ ಬಿದ್ದಿರಲಿಲ್ಲವೋ ಅದು ಟೆಸ್ಟ್ ಬರೆಯುವಾಗಲೂ ಬೀಳಲಿಲ್ಲ. ಕೋಡ್ ಏನು ಮಾಡಬೇಕಿತ್ತು ಎಂಬುದನ್ನು ಅಳೆಯಬೇಕಾದ ಟೆಸ್ಟ್, ಅದು ಏನು ಮಾಡುತ್ತಿದೆಯೋ ಅದಕ್ಕೇ ಸಾಕ್ಷಿ ನುಡಿಯಿತು. ನಾವು ನೋಡಿದ್ದು ಟೆಸ್ಟ್ ಪಾಸಾಯಿತೆಂದು ತೋರಿಸುವ ಹಸಿರು ಗುರುತುಗಳನ್ನು ಮಾತ್ರ.

ನನ್ನ ತಪ್ಪು ಇದಕ್ಕಿಂತ ದೊಡ್ಡದು. ಹದಿನೈದು ವರ್ಷಗಳಿಂದ ಇತರರ ಕೋಡ್ ಓದುತ್ತ ಬಂದಿದ್ದೇನೆ. ಮನುಷ್ಯರು ಬರೆದ ಕೋಡಿನಲ್ಲಿ ಅನುಮಾನದ ಗುರುತುಗಳಿರುತ್ತವೆ. ಸರಿಹೋಗದ ಒಂದು ಹೆಸರು, ಎರಡು ಬಾರಿ ತಿದ್ದಿದ ಷರತ್ತು, ‘ಇದನ್ನು ಇನ್ನೊಮ್ಮೆ ನೋಡಬೇಕು’ ಎಂಬ ಟಿಪ್ಪಣಿ. ಬರೆದವರು ಎಲ್ಲಿ ತಡವರಿಸಿದರೋ ಅಲ್ಲಿಯೇ ಬಗ್ ಇರುವ ಸಂಭವ ಹೆಚ್ಚು ಎಂಬುದು ಅನುಭವದಿಂದ ಬಂದ ಅಂದಾಜು, ನನ್ನ ಕಣ್ಣು ಅಂಥ ಜಾಗಗಳನ್ನೇ ಹುಡುಕುತ್ತದೆ. ಎಐ ಬರೆದ ಕೋಡಿನಲ್ಲಿ ತಡವರಿಕೆಯೇ ಇಲ್ಲ. ಸರಿಯಾದ ಸಾಲನ್ನೂ ತಪ್ಪು ಸಾಲನ್ನೂ ಅದು ಒಂದೇ ದನಿಯಲ್ಲಿ ಬರೆಯುತ್ತದೆ. ಕೀ ಇದೆಯೇ ಎಂದು ನೋಡಿದೆ, ಇತ್ತು, ಮುಂದೆ ಹೋದೆ. ಅದು ಎಲ್ಲಿ ಹುಟ್ಟುತ್ತಿದೆ ಎಂದು ನೋಡಲಿಲ್ಲ.

ಈ ಮಂಪರು ನನ್ನೊಬ್ಬನದಲ್ಲ ಎಂದು ಆಮೇಲೆ ಓದುವಾಗ ತಿಳಿಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ, ಭದ್ರತಾ ಲೋಪಕ್ಕೆ ಅವಕಾಶವಿರುವ 89 ಸನ್ನಿವೇಶಗಳನ್ನು ಕೋಡ್ ಬರೆಯುವ ಎಐ ಉಪಕರಣವಾದ ಗಿಟ್‌ಹಬ್ ಕೋಪೈಲಟ್‌ಗೆ ಕೊಟ್ಟು ನೋಡಿದಾಗ ಸುಮಾರು ಶೇ. 40ರಷ್ಟು ಪ್ರೋಗ್ರಾಮ್‌ಗಳಲ್ಲಿ ದೋಷ ಕಂಡಿತ್ತು. ಆ ಮೇಲೆ ಉಪಕರಣಗಳು ಬಹಳ ಸುಧಾರಿಸಿವೆ, ಆ ಅಂಕಿಯನ್ನು ಇಂದಿಗೆ ಹಾಗೆಯೇ ಹಚ್ಚುವುದು ಸರಿಯಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನ. ಎಐ ನೆರವು ಪಡೆದವರು ಬರೆದ ಕೋಡ್ ಕಡಿಮೆ ಸುರಕ್ಷಿತವಾಗಿತ್ತು. ಆದರೆ ತಮ್ಮ ಕೋಡ್ ಸುರಕ್ಷಿತ ಎಂಬ ನಂಬಿಕೆ ಅವರಲ್ಲಿಯೇ ಹೆಚ್ಚಿತ್ತು.

ದೂರು ಬಂದ ಮರುದಿನ ಆ ಕಿರಿಯ ಸಹೋದ್ಯೋಗಿಯೂ ನಾನೂ ಒಟ್ಟಿಗೆ ಕುಳಿತೆವು.

‘ಕೀಯನ್ನು ಇಲ್ಲಿ ಏಕೆ ಸೃಷ್ಟಿಸಿದ್ದೇವೆ?’ ಎಂದು ಕೇಳಿದೆ.

‘ನನಗೆ ಗೊತ್ತಿಲ್ಲ, ಅದು ಹಾಗೆ ಬರೆದಿತ್ತು,’ ಎಂದರು ಅವರು.

ಪ್ರಾಮಾಣಿಕ ಉತ್ತರ. ಒಪ್ಪಿಗೆ ಕೊಟ್ಟ ನನಗೂ ಅದೇ ಪ್ರಶ್ನೆ ಕೇಳಬಹುದಿತ್ತು, ನನ್ನಲ್ಲೂ ಬೇರೆ ಉತ್ತರವಿರಲಿಲ್ಲ. ಜನರ ಹಣ ಹಾದುಹೋಗುವ ಕೋಡ್ ಅದು, ಅದನ್ನು ಬಲ್ಲವರು ತಂಡದಲ್ಲಿ ಒಬ್ಬರೂ ಇರಲಿಲ್ಲ. ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಒಂದು ಪ್ರಬಂಧದಲ್ಲಿ ಇದನ್ನು ವಾದಿಸಿದ್ದರು: ಪ್ರೋಗ್ರಾಮಿನ ಜೀವ ಇರುವುದು ಅದನ್ನು ಕಟ್ಟಿದವರ ತಿಳಿವಳಿಕೆಯಲ್ಲಿ, ಕೋಡಿನ ಪಠ್ಯದಲ್ಲಿ ಅಷ್ಟೂ ಇರುವುದಿಲ್ಲ, ಆ ತಿಳಿವಳಿಕೆಯುಳ್ಳ ತಂಡ ಚದುರಿದರೆ ಪ್ರೋಗ್ರಾಮೂ ಸತ್ತಂತೆ. ನಮ್ಮ ತಂಡ ಚದುರಿರಲಿಲ್ಲ. ತಿಳಿವಳಿಕೆ ಹುಟ್ಟಿಯೇ ಇರಲಿಲ್ಲ.

ಎಐ ಬೇಡವೆಂದು ನಾನು ಹೇಳುತ್ತಿಲ್ಲ, ದಿನವೂ ಬಳಸುತ್ತೇನೆ. ಹಳೆಯ, ಪರಿಚಯವಿಲ್ಲದ ಕೋಡನ್ನು ಅರ್ಥಮಾಡಿಕೊಳ್ಳಲು, ಒಮ್ಮೆ ಓಡಿಸಿ ಎಸೆಯುವ ಸ್ಕ್ರಿಪ್ಟ್ ಬರೆಯಲು ಅದಕ್ಕಿಂತ ಒಳ್ಳೆಯ ಜೊತೆಗಾರ ನನಗೆ ಸಿಕ್ಕಿಲ್ಲ. ವೇಗದ ಬಗ್ಗೆ ಮಾತ್ರ ಎಚ್ಚರ ಬೇಕು. ಜಾವಾಸ್ಕ್ರಿಪ್ಟ್‌ನಲ್ಲಿ ಹೊಸದಾಗಿ ಒಂದು ವೆಬ್ ಸರ್ವರ್ ಬರೆಯುವ ಪ್ರಯೋಗದಲ್ಲಿ ಕೋಪೈಲಟ್ ಬಳಸಿದವರು ಸುಮಾರು ಶೇ. 55ರಷ್ಟು ಬೇಗ ಮುಗಿಸಿದ್ದರು. ಮೆಟರ್ ಎಂಬ ಸಂಸ್ಥೆ 2025ರಲ್ಲಿ ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿತು: 16 ಅನುಭವಿ ಡೆವಲಪರ್‌ಗಳು, ತಾವೇ ವರ್ಷಗಳಿಂದ ಬಲ್ಲ ದೊಡ್ಡ ಯೋಜನೆಗಳು, 246 ಕೆಲಸಗಳು. ಅಲ್ಲಿ ಎಐ ಬಳಸಿದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿಸಿದ ಮೇಲೂ ಅವರು ತಮಗೆ ಶೇ. 20ರಷ್ಟು ಸಮಯ ಉಳಿದಿದೆ ಎಂದೇ ನಂಬಿದ್ದರು. ಬರಿದಾದ ನೆಲದಲ್ಲಿ ಕಟ್ಟುವುದು ಬೇರೆ, ಜನ ವಾಸವಿರುವ ಮನೆಯ ಗೋಡೆ ಒಡೆದು ಬಾಗಿಲಿಡುವುದು ಬೇರೆ. ನಮ್ಮ ಕೆಲಸದ ಬಹುಪಾಲು ಎರಡನೆಯದೇ.

ಇನ್ನೊಂದು ಅಪಾಯ ನಮ್ಮ ಬಾಗಿಲವರೆಗೂ ಬಂದಿತ್ತು. ಎಐ ಸೂಚಿಸಿದ ಪ್ಯಾಕೇಜ್ ಒಂದನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಇನ್‌ಸ್ಟಾಲ್ ಮಾಡಲು ಹೋದಾಗ ಆ ಹೆಸರಿನ ಪ್ಯಾಕೇಜೇ ಇಲ್ಲ ಎಂಬ ಉತ್ತರ ಬಂತು. ಇಲ್ಲದಿದ್ದದ್ದೇ ಪುಣ್ಯ. ಎಐ ಕಲ್ಪಿಸುವ ಇಂಥ ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ದುರುದ್ದೇಶದವರು ಅದೇ ಹೆಸರಿನಲ್ಲಿ ವಿಷದ ಪ್ಯಾಕೇಜ್ ನೋಂದಾಯಿಸಿ ಕಾಯಬಹುದು. 16 ಎಐ ಮಾದರಿಗಳಿಂದ 5.76 ಲಕ್ಷ ಕೋಡ್ ತುಣುಕುಗಳನ್ನು ಬರೆಸಿ ನೋಡಿದ ಅಧ್ಯಯನವೊಂದರಲ್ಲಿ, ಸೂಚಿಸಿದ ಪ್ಯಾಕೇಜ್‌ಗಳಲ್ಲಿ ಹತ್ತಿರಹತ್ತಿರ ಐದಕ್ಕೊಂದು ಅಸ್ತಿತ್ವದಲ್ಲೇ ಇರಲಿಲ್ಲ. ಈಗ ಹೊಸ ಪ್ಯಾಕೇಜ್ ಯಾವುದೇ ಇರಲಿ, ಅದರ ಮೂಲ ಮತ್ತು ಇತಿಹಾಸವನ್ನು ಒಬ್ಬರು ನೋಡದೆ ಒಳಗೆ ಬಿಡುವುದಿಲ್ಲ.

ಹೆಚ್ಚು ಕಡಿತವಾದ ಹಣವನ್ನೆಲ್ಲ ಮರಳಿಸಿದೆವು, ಕ್ಷಮೆ ಕೇಳಿದೆವು. ಆ ಬಳಿಕ ತಂಡದಲ್ಲಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹಣ, ಲಾಗಿನ್, ಗ್ರಾಹಕರ ಖಾಸಗಿ ಮಾಹಿತಿ ಇರುವ ಕಡೆ, ಕೋಡ್ ಹುಟ್ಟುವ ಮೊದಲೇ ಏನೇನು ಕೆಡಬಹುದು ಎಂಬುದನ್ನು ಮನುಷ್ಯರೊಬ್ಬರು ಸಾಮಾನ್ಯ ಭಾಷೆಯಲ್ಲಿ ಬರೆಯಬೇಕು. ಟೆಸ್ಟ್‌ಗಳು ಆ ಪಟ್ಟಿಯಿಂದ ಬರಬೇಕು, ಕೋಡಿನಿಂದಲ್ಲ. ರಿವ್ಯೂ ಹೊತ್ತಿನಲ್ಲಿ ಕೋಡ್ ತಂದವರು ಪರದೆ ನೋಡದೆ ಅದನ್ನು ವಿವರಿಸಬೇಕು. ಇದರಿಂದ ಕೆಲಸ ನಿಧಾನವಾಗಿದೆಯಲ್ಲವೇ ಎಂದು ಮೇಲಿನವರು ಎರಡು ಸಲ ಕೇಳಿದ್ದಾರೆ. ಹೌದು, ನಿಧಾನವಾಗಿದೆ. ಎರಡು ಸಲವೂ ಆ ಐದು ದೂರುಗಳನ್ನು ಅವರ ಮುಂದಿಟ್ಟೆ.

ಕಿರಿಯರ ಚಿಂತೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಉತ್ತರ ಬಾರದಿದ್ದರೆ ಸೋಲು ಎಂದಲ್ಲ ಎಂಬುದನ್ನು ನಾನು ಕಲಿತದ್ದು, ನನ್ನದೇ ಕೋಡ್ ಒಡೆದು, ಅದು ಏನೇನು ಮಾಡಿತು ಎಂಬ ದಾಖಲೆಯಾದ ಲಾಗ್ ಅನ್ನು ರಾತ್ರಿಯಿಡೀ ಓದಿ. ಆ ಒದ್ದಾಟವನ್ನು ಎಐ ಅವರಿಂದ ತೆಗೆದುಕೊಂಡರೆ, ಹತ್ತು ವರ್ಷದ ಬಳಿಕ ಎಐ ಬರೆದದ್ದನ್ನು ತೂಗಿ ನೋಡುವ ಕಣ್ಣು ಅವರಿಗೆ ಎಲ್ಲಿಂದ ಬರಬೇಕು? ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಸದ್ಯಕ್ಕೆ ವಾರಕ್ಕೊಮ್ಮೆ ಆ ಕಿರಿಯ ಸಹೋದ್ಯೋಗಿಯೂ ನಾನೂ ಎಐ ಮುಚ್ಚಿಟ್ಟು, ನಿಜವಾಗಿ ನಡೆದ ಒಂದು ವೈಫಲ್ಯದ ಲಾಗ್ ತೆರೆದು ಕೂರುತ್ತೇವೆ. ಕಳೆದ ವಾರ ಕಾರಣವನ್ನು ಮೊದಲು ಹಿಡಿದವರು ಅವರು. ನಾನು ಇನ್ನೂ ತಪ್ಪಾದ ಫೈಲಿನಲ್ಲಿ ಹುಡುಕುತ್ತಿದ್ದೆ.